ಪಿಳ್ಳಪ್ಪನ ತೋಳಿನ ರೂಪಾಯಿ

ಪಿಳ್ಳಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ. ಅವನ ಹೆಂಡತಿ ಮುನಿಲಕ್ಷ್ಮಮ್ಮ ಇದನ್ನೊಂದು ಕಾಯಿಲೆ ಎಂದೇ ತಿಳಿದಿದ್ದಳು. ಕೇಳಿದಷ್ಟಕ್ಕೆ ಉತ್ತರ, ಅದರ ಮೇಲೊಂದು ಮಾತಿಲ್ಲ. ಹದಿನೆಂಟು ವರ್ಷ ಒಬ್ಬ ಬಿಳಿ ಕರ್ನಲ್ಲನ ಕಾರು ಓಡಿಸಿ ಬಂದ ಅಭ್ಯಾಸ ಅದು. ಸ್ವಾತಂತ್ರ್ಯ ಬಂದ ವರ್ಷ, ಹಡಗು ಹತ್ತುವ ಮುನ್ನ ಕರ್ನಲ್ ತನ್ನ ಹಳೆಯ ಆಸ್ಟಿನ್ ಕಾರನ್ನು ಅವನ ಹೆಸರಿಗೇ ಬರೆದುಕೊಟ್ಟ.

ಈಗ ಶಿವಾಜಿನಗರ ಅನ್ನುವ ಬ್ಲಾಕ್‌ಪಲ್ಲಿಯ ಆ ಗಲ್ಲಿಯಲ್ಲಿ ಕಾರಿದ್ದವನು ಅವನೊಬ್ಬನೇ. ಹೊಟ್ಟೆಪಾಡಿಗೆ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಇತ್ತು. ಕಾರು ಬರೀ ಪ್ರೀತಿಗೆ. ಗಲ್ಲಿಯ ಬಾಣಂತಿಯರು, ಮದುಮಕ್ಕಳು ಎಲ್ಲರೂ ಓಡಾಡುತ್ತಿದ್ದುದು ಅದರಲ್ಲೇ. ಬಾಡಿಗೆ ಅಂತ ಅವನು ಯಾರಿಂದಲೂ ಒಂದು ಕಾಸು ಮುಟ್ಟಿದವನಲ್ಲ.

ಪಕ್ಕದ್ದು ಶಂಶುನ್ನೀಸಾ ಬೀಬಿಯ ಮನೆ, ಎರಡಕ್ಕೂ ಒಂದೇ ಗೋಡೆ. ತಾಯಿ ಸತ್ತಾಗ ಏಳು ವರ್ಷದ ಪಿಳ್ಳಪ್ಪನಿಗೆ ಅನ್ನ ಹಾಕಿದ ಕೈ ಆಕೆಯದು. ಮೊಮ್ಮಗಳು ತಾಹೇರಾಳನ್ನೂ ಅವಳ ಗಂಡ ಲತೀಫನನ್ನೂ ಕೋಲಾರಕ್ಕೆ ಬಿಟ್ಟುಬರಲು ಅವನಲ್ಲದೆ ಇನ್ಯಾರು? ಹೊರಡುವ ಬೆಳಿಗ್ಗೆ ಬೀಬಿ ಹಸಿರು ಬಟ್ಟೆಯಲ್ಲಿ ಒಂದೊಂದು ಬೆಳ್ಳಿ ರೂಪಾಯಿ ಸುತ್ತಿ ಗಂಡಹೆಂಡಿರ ತೋಳಿಗೆ ಕಟ್ಟಿ, ಮೂರನೆಯದನ್ನು ಪಿಳ್ಳಪ್ಪನ ತೋಳಿಗೆ ಬಿಗಿದಳು. ಇಮಾಮ್ ಜಾಮಿನ್ ಅದು. ದಾರಿಯ ಕಾವಲಿಗೆ ಕಟ್ಟುವುದು, ಊರು ಸುಖವಾಗಿ ತಲುಪಿದ ಮೇಲೆ ಬಿಚ್ಚಿ ಬಡವರಿಗೆ ಕೊಡುವುದು.

ಕೆ.ಆರ್. ಪುರ ದಾಟಿದ ತಿರುವಿನಲ್ಲಿ ಇಟ್ಟಿಗೆ ಲಾರಿಯೊಂದು ಎದುರಿಗೇ ನುಗ್ಗಿ ಬಂದು ಗುದ್ದಿ, ನಿಲ್ಲದೆ ಹೋಯಿತು. ಒಳಗಿದ್ದ ಮೂವರಿಗೂ ಒಂದು ತರಚು ಗಾಯವಿಲ್ಲ. ಕಾರಿನ ಮೂತಿ ಮಾತ್ರ ಅಪ್ಪಚ್ಚಿ. ಲತೀಫ್, ತಾಹೇರಾ ಹಿಂದೆ ಬಂದ ಬಸ್ಸು ಹತ್ತಿ ಕೋಲಾರ ಸೇರಿದರು, ಗಂಟು ಬಿಚ್ಚಿ ದಾನ ಕೊಟ್ಟರು. ಪಿಳ್ಳಪ್ಪ ಎರಡು ಎತ್ತು ಗೊತ್ತುಮಾಡಿ ಕಾರು ಎಳೆಸಿಕೊಂಡು ಹಲಸೂರಿನ ಗ್ಯಾರೇಜಿಗೆ ಬಂದ. ಕರ್ನಲ್ಲನ ಕಾರಿಗೆ ಎತ್ತು ಹೂಡಿದ್ದನ್ನು ಹಲಸೂರಿಗೆ ಹಲಸೂರೇ ನಿಂತು ನೋಡಿತು, ಪಾಪ.

ವಿಮೆ ಕಂಪನಿಯಿಂದ ಆದಿನಾರಾಯಣರಾಯರು ವಿಚಾರಣೆಗೆ ಬಂದರು. ಸಿಟಿ ಕಡೆಯವರು. ಆಗ ಸಿಟಿ ಬೇರೆ, ಬ್ಲಾಕ್‌ಪಲ್ಲಿಯಿದ್ದ ದಂಡು ಪ್ರದೇಶ ಬೇರೆ. ನಡುವೆ ಕಬ್ಬನ್ ಪಾರ್ಕಿದ್ದರೂ ಸಮುದ್ರವಿದ್ದ ಹಾಗೇ.

"ಕಾರಲ್ಲಿ ಕೂತವರ ಮನೆಯವರು ದುಡ್ಡೇನಾದ್ರೂ ಕೊಟ್ರೇನ್ರೀ?"

"ಕೊಟ್ರು ಸ್ವಾಮಿ. ಒಂದ್ರೂಪಾಯಿ."

ರಾಯರು ಬರೆದುಕೊಂಡು ಪುಸ್ತಕ ಮುಚ್ಚಿದರು. ಬ್ಲಾಕ್‌ಪಲ್ಲಿಯಲ್ಲಿ ಹುಟ್ಟಿದ ಪಿಳ್ಳಪ್ಪನಿಗೆ ಇಮಾಮ್ ಜಾಮಿನ್ ಅಂದರೇನೆಂದು ಬಿಡಿಸಿ ಹೇಳಬೇಕೆಂದು ಹೊಳೆಯಲೇ ಇಲ್ಲ. ಉಪ್ಪು ಅಂದರೇನು ಅಂತ ಯಾರಾದರೂ ಹೇಳುತ್ತಾರೆಯೇ? ತಿಂಗಳೊಳಗೆ ಕಾಗದ ಬಂತು: ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಓಡಿಸಿದ್ದರಿಂದ ಪರಿಹಾರ ಇಲ್ಲ. ರಿಪೇರಿ ಮಾಡಿಸದಿದ್ದರೆ ಕಾರು ಗುಜರಿಗೇ ಎಂದು ಗ್ಯಾರೇಜಿನ ಮೇಸ್ತ್ರಿಯೂ ಹೇಳಿಬಿಟ್ಟ. ಪಿಳ್ಳಪ್ಪ ಮೂರು ದಿನ ಸರಿಯಾಗಿ ಉಣ್ಣಲಿಲ್ಲ.

"ಬೀಬಿನ ಕರ್ಕೊಂಡೋಗಿ ಹೇಳಿಸ್ರೀ," ಅಂದಳು ಮುನಿಲಕ್ಷ್ಮಮ್ಮ.

"ಬೇಡ ಕಣೇ. ನಾ ಕಟ್ಟಿದ್ರಿಂದ್ಲೇ ಇವನ ಕಾರು ಹೋಯ್ತು ಅಂತ ಆ ಜೀವ ಕೊರಗುತ್ತೆ."

"ಹಂಗಾದ್ರೆ ಆ ಗಂಟಾದ್ರೂ ಬಿಚ್ರೀ, ಕಮಟು ಹಿಡೀತಾ ಇದೆ."

"ಊರು ಮುಟ್ಟಿಲ್ವಲ್ಲ, ಹೆಂಗೆ ಬಿಚ್ಚಲಿ?"

ಹೌದು, ಮಹಾರಾಯ ಅದನ್ನಿನ್ನೂ ಕಟ್ಟಿಕೊಂಡೇ ಇದ್ದ! ಬಚ್ಚಲಲ್ಲೂ ತೋಳು ಮೇಲೆತ್ತಿಯೇ ಸ್ನಾನ. ಮುನಿಲಕ್ಷ್ಮಮ್ಮ ಅವತ್ತೇ ಗೋಡೆಯಾಚೆಗೆ ಎಲ್ಲವನ್ನೂ ಹೇಳಿ ಹಗುರಾದಳು. ಮರುದಿನ ಬೀಬಿ ಬುರ್ಖಾ ತೊಟ್ಟು, ಜಟಕಾ ತರಿಸಿ, ಪಿಳ್ಳಪ್ಪನನ್ನು ಎಳೆದು ಕೂರಿಸಿಕೊಂಡು ಕಂಪನಿಯ ಕಚೇರಿಗೆ ಹೊರಟಳು.

"ಅಂಗಿ ತೋಳು ಮಡಿಸು ಬೇಟಾ," ಎಂದಳು, ರಾಯರ ಮೇಜಿನ ಮುಂದೆ ನಿಂತು. ಹಸಿರು ಬಟ್ಟೆ ಬೆವರು, ಗ್ರೀಸಿನಿಂದ ಕಪ್ಪಾಗಿತ್ತು. "ನೋಡಿ ಸಾಬ್, ನಾನು ಕೊಟ್ಟಿದ್ ರೂಪಾಯಿ ಇದೇ. ಅಲ್ಲಾ ಕಾಯ್ಲಿ ಅಂತ ಕಟ್ಟಿದ್ದು. ಮೂರ್ ತಿಂಗ್ಳಾಯ್ತು, ಇನ್ನೂ ಬಿಚ್ಚಿಲ್ಲ ಈ ಹುಚ್ಚ. ಬಾಡಿಗೆ ದುಡ್ಡು ತಗೊಂಡವ್ನು ಹಿಂಗೆ ಕಟ್ಕೊಂಡು ತಿರುಗ್ತಾನಾ?"

ರಾಯರು ಕನ್ನಡಕ ತೆಗೆದು ಗಂಟನ್ನು ಹತ್ತಿರದಿಂದ ನೋಡಿದರು. "ಅವತ್ತೇ ಯಾಕ್ರೀ ಹೇಳ್ಲಿಲ್ಲ?"

"ಕೊಟ್ರಾ ಅಂದ್ರಿ, ಹೌದು ಅಂದೆ. ಯಾಕೆ ಕೊಟ್ರು ಅಂತ ನೀವು ಕೇಳ್ಲೇ ಇಲ್ವಲ್ಲ ಸ್ವಾಮಿ."

ರಾಯರು ನಗಲಿಲ್ಲ. ದೊಡ್ಡ ಮನುಷ್ಯ, ನಿಜವಾಗಿ ದೊಡ್ಡವರು; ತಾವು ಬರೆದ ಸಾಲನ್ನು ತಾವೇ ಹೊಡೆದುಹಾಕಿ, ತಪ್ಪು ತಮ್ಮದೆಂದು ಕೆಳಗೆ ರುಜು ಮಾಡಿದರು. ಇನ್ನೊಂದು ತಿಂಗಳಿಗೆ ಕಾರು ರಿಪೇರಿಯಾಗಿ ಗಲ್ಲಿಗೆ ಬಂತು.

ಕೋಲಾರಕ್ಕೆ ನಲವತ್ತು ಮೈಲಿ. ಪಿಳ್ಳಪ್ಪನಿಗೆ ನಾಲ್ಕು ತಿಂಗಳು ಹಿಡಿಯಿತು. ಈ ಸಲ ಬೀಬಿಯೂ ಹಿಂದಿನ ಸೀಟಿನಲ್ಲಿದ್ದಳು. ತಾಹೇರಾಳ ಮನೆ ಬಾಗಿಲಲ್ಲಿ ಇಳಿದು, ಬಿಗಿದುಹೋಗಿದ್ದ ಗಂಟನ್ನು ತಾನೇ ಹಲ್ಲಿನಿಂದ ಕಚ್ಚಿ ಬಿಚ್ಚಿ, ರೂಪಾಯಿಯನ್ನು ಮಸೀದಿಯ ಮುಂದಿದ್ದ ಫಕೀರನಿಗೆ ಕೊಡಿಸಿದಳು. ಪಿಳ್ಳಪ್ಪ ಮಗುವಿನ ಹಾಗೆ ಅಳತೊಡಗಿದ.

"ಕಾರು ಸರಿಹೋಯ್ತಲ್ಲೋ, ಇನ್ಯಾಕೆ ಅಳೋದು?"

ಕೇಳಿದ್ದಕ್ಕಿಂತ ಹೆಚ್ಚು ಅವನು ಹೇಳಿದ್ದು ಅದೊಂದೇ ಸಲ. "ಕಾರು ಗುಜರಿಗೆ ಹೋಗಿದ್ರೂ ತಡ್ಕೋತಿದ್ದೆ ಬೀಬಮ್ಮಾ. ನೀವು ಕಟ್ಟಿದ್ದು ಕಾಯ್ಲಿಲ್ಲ ಅಂತ ಯಾರಾದ್ರೂ ಅಂದಿದ್ರೆ ತಡ್ಕೊಳ್ಳೋಕಾಗ್ತಿರ್ಲಿಲ್ಲ. ಊರು ಮುಟ್ಟೋ ಮುಂಚೆ ಬಿಚ್ಚಿದ್ರೆ ಹಂಗೇ ಅಂತಿದ್ರು, ಅದಕ್ಕೇ ಬಿಚ್ಚಲಿಲ್ಲ."