ಊಟದ ಮನೆಯ ಪಡುವಣ ಗೋಡೆ

ಲಾಕ್‌ಡೌನ್‌ಗಳೆಲ್ಲ ಮುಗಿದ ಮರುವರ್ಷ. ಮಧುಗಿರಿಯಲ್ಲಿ ಸರ್ಕಾರಿ ಎಂಜಿನಿಯರ್ ಆಗಿ ನಿವೃತ್ತಳಾದ ನಾನು ಮಣ್ಣಿನ ಮನೆ ಕಟ್ಟಿಸುವ ಕೆಲಸಕ್ಕೆ ಇಳಿದಿದ್ದೆ. ಸರ್ವಿಸ್ ಪೂರ್ತಿ ಸಿಮೆಂಟಿನ ನಡುವೆ ಇದ್ದವಳಿಗೆ ಈ ವಯಸ್ಸಿನಲ್ಲಿ ಮಣ್ಣಿನ ಹುಚ್ಚು ಯಾಕೆ ಎಂದು ನೆಂಟರು ನಗುತ್ತಿದ್ದರು. ನಗಲಿ. ಶಿರಾ ತಾಲ್ಲೂಕಿನ ಗೌಡಗೆರೆ ಕಡೆ ಕೆಲವು ಕುಟುಂಬಗಳು ಸೇರಿ ಹೊಲ ಕೊಂಡು, ಒಂದೇ ಅಡುಗೆ, ಒಂದೇ ಬಾವಿ ಎಂದು ಕೂಡಿ ಬಾಳುತ್ತಿದ್ದವು. ಮೇಷ್ಟರು, ಬ್ಯಾಂಕಿನವರು, ನರ್ಸು, ಹೀಗೆ ಎಲ್ಲ ಬಗೆಯ ಜನ. ಆ ಜಾಗಕ್ಕೆ ಬರೀ ‘ತೋಟ’ ಎನ್ನುತ್ತಿದ್ದರು. ಅಲ್ಲಿನ ಊಟದ ಮನೆ ನನ್ನ ಕೈಗೆ ಬಂದ ಮೊದಲ ದೊಡ್ಡ ಕೆಲಸ.

ತೋಟಕ್ಕೆ ಎರಡು ಕಟ್ಟಳೆ. ಒಂದು, ಬೇಲಿಯೊಳಗೆ ಸಿಮೆಂಟ್ ಬರಕೂಡದು. ಇನ್ನೊಂದು, ಮಾತಿನ ಕಲ್ಲು. ಸಭೆಯಲ್ಲಿ ಎಲ್ಲರೂ ಸುತ್ತ ಕೂರುತ್ತಾರೆ, ಹಳ್ಳದಿಂದ ತಂದ ಗುಂಡುಕಲ್ಲೊಂದು ಕೈಯಿಂದ ಕೈಗೆ ಹೋಗುತ್ತದೆ. ಕಲ್ಲು ಹಿಡಿದವರು ಅದನ್ನು ಕೆಳಗಿಡುವ ತನಕ ಯಾರೂ ಅಡ್ಡ ಬರುವಂತಿಲ್ಲ. ಎರಡೂ ಕಟ್ಟಳೆ ಮಾಡಿದವನು ತೋಟ ಕಟ್ಟಿದ ಸುದರ್ಶನ್. ಬಾಯಿ ತೆಗೆದರೆ ಜೇನು ಸುರಿಯುತ್ತಿತ್ತು ಮಹಾನುಭಾವನಿಗೆ!

ನಾನು ಕಟ್ಟಿಸಿದ್ದು ಕಾಬ್ ಗೋಡೆ. ಅಂದರೆ ಮಣ್ಣು, ಮರಳು, ಹುಲ್ಲು ಸೇರಿಸಿ ಕಾಲಲ್ಲಿ ತುಳಿದು, ಉಂಡೆ ಮಾಡಿ ಒಂದರ ಮೇಲೊಂದು ಕೂರಿಸಿ ಏರಿಸುವ ಗೋಡೆ. ಬುಡಕ್ಕೆ ಕಲ್ಲಿನ ಕಟ್ಟು. ಇಂಥ ಗೋಡೆಗೆ ವರ್ಷಕ್ಕೊಮ್ಮೆ, ದಸರಾ ಆದಮೇಲೆ, ಮಣ್ಣು ಸಗಣಿಯ ಸಾರಣೆ ಆಗಲೇಬೇಕು. "ಮನೆಗೊಬ್ಬರು ಕೈ ಹಾಕುವುದಾದರೆ ಮಾತ್ರ ಕಟ್ಟಿಸುತ್ತೇನೆ" ಎಂದಿದ್ದೆ. ಎಲ್ಲರೂ ತಲೆಯಾಡಿಸಿದರು. ಮೊದಲ ವರ್ಷ ಹಾಡು ಹೇಳಿಕೊಂಡು ಸಾರಿಸಿದರು. ಎರಡನೆಯ ವರ್ಷ ಒಬ್ಬರಿಗೆ ಸೊಂಟನೋವು, ಇನ್ನೊಬ್ಬರಿಗೆ ಮದುವೆ ಮನೆ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಇವರಿಗೆ ಮೊಸರಷ್ಟೇ ಬೇಕಿತ್ತು. ದಸರಾ ರಜೆಗೆ ಊರಿಗೆ ಹೋದವರು ವಾಪಸು ಬರುವ ಹೊತ್ತಿಗೆ ಗೋಡೆಗಳು ಕೆಂಪಗೆ ಮಿರುಗುತ್ತಿದ್ದವಂತೆ. "ಸಾರಣೆ ನಾನೇ ಮಾಡಿಸಿಬಿಟ್ಟೆ" ಎಂದನಂತೆ ಸುದರ್ಶನ್. ಸದ್ಯ, ತಮ್ಮ ಕೆಲಸ ತಪ್ಪಿತಲ್ಲ ಎಂದುಕೊಂಡು ಯಾರೂ ಮತ್ತೇನೂ ಕೇಳಲಿಲ್ಲ.

ಮುಂದಿನ ಮಳೆಗಾಲದಲ್ಲಿ ಪಡುವಣ ಗೋಡೆ ಬಿತ್ತು. ಬುಡದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಅಡುಗೆಯ ರಂಗಮ್ಮನ ಕಾಲು ಮುರಿಯಿತು. ಎಲ್ಲರೂ ಅವಳನ್ನು ಶಿರಾ ಆಸ್ಪತ್ರೆಗೆ ಹೊತ್ತುಕೊಂಡು ಓಡಿದರು. ಸಂಜೆಯೊಳಗೆ ಸುದರ್ಶನ್ ಸಿಕ್ಕಸಿಕ್ಕವರಿಗೆಲ್ಲ ಫೋನ್ ಮಾಡಿ, ಎಂಜಿನಿಯರಮ್ಮ ಕಲಸಿದ ಮಣ್ಣೇ ಸರಿಯಿರಲಿಲ್ಲ ಎಂದು ಹೇಳಿ ಮುಗಿಸಿದ್ದ. ವಾರದೊಳಗೆ ಗೊರವನಹಳ್ಳಿಯಿಂದ ಫೋನ್ ಬಂತು. ಅಲ್ಲೊಂದು ಕುಟುಂಬ ಮಣ್ಣಿನ ಮನೆಗೆ ನನ್ನಿಂದ ಪಾಯ ಗುರುತು ಹಾಕಿಸಿತ್ತು. "ಮನೇಲಿ ಹೆಂಗಸ್ರು ಹೆದರ್ಕಂಡವ್ರೆ ಮೇಡಂ, ಸಿಮೆಂಟ್‌ಗೇ ಹೋಗ್ತೀವಿ" ಎಂದರು. ಆಮೇಲೆ ನನ್ನನ್ನು ಯಾರೂ ಕರೆಯಲಿಲ್ಲ. ನನ್ನ ಹೊಸ ಬದುಕು ಶುರುವಿಗೇ ಮುಗಿದುಹೋಗಿತ್ತು.

ರಂಗಮ್ಮನನ್ನು ನೋಡಲು ಹೋದೆ. ಕಾಲಿಗೆ ಬ್ಯಾಂಡೇಜು, ಕಣ್ಣಲ್ಲಿ ಕೆಂಡ.

"ನನ್ ಕಾಲು ಹೋಯ್ತು, ನಿಮ್ ಹೆಸ್ರು ಹೋಯ್ತು. ಸಾರಣೆ ಮಾಡ್ಸಿದ ಆ ಸುದರ್ಶನ ಮಾತ್ರ ಹೆಂಗೆ ನೆಟ್ಟಗೆ ನಿಂತವ್ನೆ ನೋಡಿ! ಸುಮ್ನೆ ಬುಡಬ್ಯಾಡಿ ಕಣಮ್ಮ."

ಅಲ್ಲಿಂದ ನೇರ ತೋಟಕ್ಕೆ ಹೋದೆ. ಬಿದ್ದ ಗೋಡೆಯ ಒಂದು ಹೆಂಟೆಯೂ ಇರಲಿಲ್ಲ. ಎಲ್ಲರೂ ಆಸ್ಪತ್ರೆಯಲ್ಲಿದ್ದಾಗಲೇ ಸುದರ್ಶನ್ ಟ್ರ್ಯಾಕ್ಟರ್ ತರಿಸಿ ಸಾಗಿಸಿಬಿಟ್ಟಿದ್ದನಂತೆ. ಇಷ್ಟು ಅವಸರ ಯಾಕಪ್ಪಾ ಎನ್ನಿಸಿತು. ಉಳಿದ ಗೋಡೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿದೆ. ಮಣ್ಣಿನ ಗೋಡೆ ದಪ್ ಎನ್ನಬೇಕು. ಇದು ಟೊಳ್ಳು ಡಬ್ಬಿಯಂತೆ ಟಣಟಣ ಎಂದಿತು. ನನಗೆ ಎಲ್ಲ ಗೊತ್ತಾಯಿತು. ಸಿಮೆಂಟ್ ಮೆತ್ತಿ, ಮೇಲೆ ಅಂಟು ಬೆರೆಸಿದ ಕೆಮ್ಮಣ್ಣು ಬಳಿಸಿದ್ದಾನೆ. ಮಣ್ಣಿನ ಗೋಡೆ ಕುಡಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟ್ ಮೆತ್ತಿದರೆ ಬಿರುಕಿನಲ್ಲಿ ಒಳಗಿಳಿದ ನೀರಿಗೆ ಹೊರಗೆ ಬರಲು ದಾರಿಯಿಲ್ಲ. ಬುಡ ಒಳಗೊಳಗೇ ಕೆಸರಾಗಿ ಕುಸಿಯುತ್ತದೆ.

ಅಷ್ಟರಲ್ಲಿ ಸುದರ್ಶನ್ ಮಜ್ಜಿಗೆ ಲೋಟ ಹಿಡಿದು ಬಂದ. "ತಪ್ಪು ಎಲ್ಲರಿಂದಲೂ ಆಗುತ್ತೆ ಮೇಡಂ. ನಾವು ನಿಮ್ಮನ್ನು ಯಾವತ್ತೋ ಕ್ಷಮಿಸಿಬಿಟ್ಟಿದ್ದೀವಿ."

ಮೈಯೆಲ್ಲ ಉರಿದುಹೋಯಿತು. ಲೋಟದಲ್ಲಿದ್ದುದನ್ನು ಅವನ ಮುಖಕ್ಕೆ ಎರಚಬೇಕು ಅನ್ನಿಸಿತು. ಆದರೆ ಅಲ್ಲಿ ಇದ್ದವರು ನಾವಿಬ್ಬರೇ. ನನಗೆ ಎಲ್ಲರೂ ಬೇಕಿತ್ತು. ಮಜ್ಜಿಗೆ ಕುಡಿದು, "ಒಂದು ಸಭೆ ಕರೀರಿ, ನಾನೂ ಎಲ್ಲರ ಮುಂದೆ ನಾಲ್ಕು ಮಾತು ಹೇಳಬೇಕು. ಊಟದ ಮನೆಯಲ್ಲೇ ಆಗಲಿ, ರಂಗಮ್ಮನೂ ಇರಲಿ" ಎಂದೆ. ನಾನು ತಪ್ಪೊಪ್ಪಿಕೊಳ್ಳಲು ಬರುತ್ತೇನೆ ಎಂದುಕೊಂಡನೋ ಏನೋ, ಖುಷಿಯಿಂದ ಒಪ್ಪಿದ.

ಸಭೆಯಲ್ಲಿ ಮೊದಲು ಅವನೇ ಮಾತಾಡಿದ. ಮಣ್ಣಿನ ಮಹಿಮೆ, ಕ್ಷಮೆಯ ಮಹಿಮೆ, ಒಂದೇ ಎರಡೇ! ಕೊನೆಗೆ ಕಲ್ಲು ನನ್ನ ಕೈಗೆ ಬಂತು. ನಾನು ಎದ್ದು ತೆಂಕಣ ಗೋಡೆಯ ಹತ್ತಿರ ಹೋಗಿ, ಆ ಕಲ್ಲಿನಿಂದಲೇ ಎರಡೂ ಕೈಯಲ್ಲಿ ಬೀಸಿ ಹೊಡೆದೆ.

"ಮೇಡಂ! ಏನಿದು?" ಸುದರ್ಶನ್ ಧಡಕ್ಕನೆ ಎದ್ದ.

ಅವನ ಪಕ್ಕದಲ್ಲಿ ಕೂತಿದ್ದವರು ಜಯಂತಿ ಟೀಚರ್. ಜೋರಾಗಿ ಮಾತಾಡಿದ್ದನ್ನೇ ನಾನು ಕೇಳದ ಹೆಂಗಸು. "ಕಲ್ಲು ಅವರ ಕೈಲಿದೆ ಸುದರ್ಶನ್. ಕೂತ್ಕೊಳ್ಳಿ" ಎಂದರು.

ಕೂತ. ಅವನೇ ಮಾಡಿದ ಕಟ್ಟಳೆ! ಮತ್ತೆ ಹೊಡೆದೆ, ಮತ್ತೊಮ್ಮೆ ಹೊಡೆದೆ. ಹಪ್ಪಳದಂಥ ದೊಡ್ಡ ಚಕ್ಕೆಯೊಂದು ಕಳಚಿ ಬಿತ್ತು. ಹೊರಗೆ ಕೆಂಪು, ಒಡೆದ ಅಂಚೆಲ್ಲ ಬೂದು. ಅದರ ಹಿಂದೆ ನನ್ನ ಮಣ್ಣು ಹಸಿಯಾಗಿ ನಾರುತ್ತಿತ್ತು. ಸುಳ್ಳು ಹೇಳುವುದಿಲ್ಲ, ಆ ಚಕ್ಕೆ ಬಿದ್ದ ಸದ್ದು ಕೇಳಿದಾಗ ಆದ ಸಂತೋಷ ನನಗೆ ಮೊದಲ ಸಂಬಳ ಬಂದ ದಿನವೂ ಆಗಿರಲಿಲ್ಲ. ಚಕ್ಕೆಯನ್ನು ತಂದು ಅವನ ತೊಡೆಯ ಮೇಲಿಟ್ಟೆ. "ಇದಕ್ಕೆ ಏನಂತಾರೆ, ನೀವೇ ಹೇಳಿ" ಎಂದು ಕಲ್ಲನ್ನೂ ಅವನ ಕೈಗೇ ಕೊಟ್ಟೆ.

ಚಕ್ಕೆಯನ್ನು ತೊಡೆಯಿಂದ ಕೆಳಗಿಟ್ಟು, "ಸಾರಣೆಗೆ ಯಾರೂ ಬರಲಿಲ್ಲ. ನಾನೊಬ್ಬನೇ ಏನು ಮಾಡಲಿ?" ಎಂದ. ಅದು ನಿಜ. ಸುತ್ತ ಕೂತವರೆಲ್ಲ ತಲೆ ತಗ್ಗಿಸಿದರು. ನನಗೆ ಮಾತ್ರ ಅವನ ಮೇಲೆ ಕನಿಕರ ಹುಟ್ಟಲಿಲ್ಲ. ರಂಗಮ್ಮನ ಕಾಲು ಕಣ್ಣೆದುರಿಗಿತ್ತು.

ಗೋಡೆ ಮತ್ತೆ ಕಟ್ಟಿಸಲು ನಾನು ಹಾಕಿದ ಷರತ್ತುಗಳಿಗೆ ಎಲ್ಲರೂ ಒಪ್ಪಿದರು. ಗೊರವನಹಳ್ಳಿಗೆ ಅಲ್ಲೇ, ನನ್ನೆದುರಿಗೇ ಫೋನ್ ಮಾಡಿ ಅವನು ನಿಜ ಹೇಳಬೇಕು. ಹೇಳಿದ. ಉಳಿದ ಗೋಡೆಗಳ ಸಿಮೆಂಟನ್ನು ಉಳಿ ಸುತ್ತಿಗೆ ಹಿಡಿದು ಅವನೇ ಕೆತ್ತಬೇಕು, ಪಡುವಣ ಗೋಡೆಯ ಮಣ್ಣನ್ನು ಅವನೇ ತುಳಿಯಬೇಕು. ಉಸ್ತುವಾರಿಗೆ ರಂಗಮ್ಮನನ್ನು ಕುರ್ಚಿ ಹಾಕಿ ಕೂರಿಸಿದೆ. "ಇನ್ನೂ ತುಳೀರಿ ಸ್ವಾಮಿ, ಹೆಂಟೆ ಅಂಗೇ ಐತೆ!" ಎಂದು ಅವಳು ಕೂಗಿದಾಗಲೆಲ್ಲ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಗೊರವನಹಳ್ಳಿಯ ಮನೆ ಮಣ್ಣಿನಲ್ಲೇ ಎದ್ದಿತು. ಕೆಲಸಗಳು ಮತ್ತೆ ಬಂದವು. ರಂಗಮ್ಮ ಈಗಲೂ ಕುಂಟುತ್ತಾಳೆ.

ಹಾಳಾದ ಮಣ್ಣಿನ ಗೋಡೆಯನ್ನು ಒಡೆದು, ನೆನೆಸಿ, ತುಳಿದರೆ ಅದೇ ಮಣ್ಣು ಮತ್ತೆ ಒಳ್ಳೆಯ ಗೋಡೆಯಾಗುತ್ತದೆ. ಮಣ್ಣು ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅದು. ಜೊತೆಗೆ, ನಾನು ಮಣ್ಣಲ್ಲ ಎಂಬುದನ್ನೂ ಕಲಿಸಿತು.

ಪ್ರತಿವರ್ಷ ದಸರಾ ಆದಮೇಲೆ ಬಸ್ಸು ಹತ್ತಿ ತೋಟಕ್ಕೆ ಹೋಗುತ್ತೇನೆ. ಈಗ ಮನೆಗೊಬ್ಬರು ಸಾರಣೆಗೆ ಬರುತ್ತಾರೆ. ಪಡುವಣ ಗೋಡೆ ಮಾತ್ರ ಸುದರ್ಶನ್‌ನದು. ರಂಗಮ್ಮನೂ ನಾನೂ ಎದುರಿಗೆ ಕೂತು ನೋಡುತ್ತೇವೆ. ಹೋದ ವರ್ಷ ಮೊಣಕೈವರೆಗೆ ಸಗಣಿ ಮೆತ್ತಿಕೊಂಡು ನಮ್ಮ ಕಡೆ ತಿರುಗಿ, "ಇನ್ನಾದರೂ ಕ್ಷಮಿಸಿದ್ರಾ ಮೇಡಂ?" ಎಂದು ಕೇಳಿದ.

ನಾನು ರಂಗಮ್ಮನ ಮುಖ ನೋಡಿದೆ. ಅವಳು ಕಾಲು ನೀವಿಕೊಂಡು, ಗೋಡೆಯ ಕಡೆ ಕೈ ತೋರಿಸಿದಳು.

"ಆ ಮೂಲೇಲಿ ಬುಟ್ಟೋಗೈತೆ ಸ್ವಾಮಿ. ಸಾರ್ಸಿ."