ಈರಣ್ಣನ ಫೋಟೊ ಬಂದ ಮಧ್ಯಾಹ್ನ

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ದೇವರನ್ನು ನಂಬುತ್ತೇನೆ, ದಿನಾ ದೀಪ ಹಚ್ಚುತ್ತೇನೆ. ಆದರೆ ಯಂತ್ರದೊಳಗೆ ಪವಾಡ ನಡೆಯಿತು ಎಂದು ಯಾರಾದರೂ ಬಂದರೆ ಕಾಫಿ ಕೊಟ್ಟು ಕಳಿಸಿಬಿಡುತ್ತಿದ್ದೆ. ಈಗ ನಾನೇ ಹೇಳುತ್ತಿದ್ದೇನೆ. ನಗುವವರು ನಗಲಿ.

ಎರಡು ಸಾವಿರದ ಒಂಬತ್ತರ ಸುಮಾರು. ಹೊಸದುರ್ಗದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನಮ್ಮ ಯಜಮಾನರ ಫೋಟೊ ಸ್ಟುಡಿಯೊ. ತೆಗೆದ ಫೋಟೊಗಳನ್ನೆಲ್ಲ ನನ್ನ ಮೈದುನ ರಘು ಇಂಟರ್ನೆಟ್ ಮೂಲಕ ಎಲ್ಲೋ ದೂರದ ಕಂಪನಿಯ ಕಂಪ್ಯೂಟರಿನಲ್ಲಿ ಇಡುತ್ತಿದ್ದ. ಅದಕ್ಕೆ ಕ್ಲೌಡ್ ಅನ್ನುತ್ತಾರಂತೆ. ಇಡಲು, ತರಲು ಅವನೇ ಒಂದು ಪ್ರೋಗ್ರಾಂ ಬರೆದಿದ್ದ. ಪ್ರತಿ ಫೋಟೊ ಕೇಳುವಾಗಲೂ ಅದು ನಮ್ಮ ಗುಟ್ಟಿನ ಕೀಯನ್ನೂ ಆ ಹೊತ್ತಿನ ಸಮಯವನ್ನೂ ಸೇರಿಸಿ ಒಂದು ಸಹಿ ಮಾಡಿ ಕಳಿಸುತ್ತದೆ. ಅಲ್ಲಿ ಸಹಿ ತಾಳೆಯಾದರೆ ಫೋಟೊ ಕೊಡುತ್ತಾರೆ, ಇಲ್ಲದಿದ್ದರೆ ಇಲ್ಲ.

ಬಾಗೂರಿನ ಗಂಗಮ್ಮ ಬಂದದ್ದು ಒಂದು ಮಧ್ಯಾಹ್ನ. ಕುರಿ ಸಾಕುವ ಮನೆ ಅವರದು. ಗಂಡ ಈರಣ್ಣ ತೀರಿಕೊಂಡಿದ್ದ. ಮಾರನೆಯ ದಿನ ತಿಥಿ. ಪೂಜೆಗಿಡಲು ಒಂದು ಫೋಟೊ ಇಲ್ಲ. ವೋಟಿನ ಕಾರ್ಡಿನಲ್ಲಿ ಮುಖವೆಲ್ಲ ಮಸಿ. ಅವನು ಕ್ಯಾಮೆರಾ ಮುಂದೆ ನೆಟ್ಟಗೆ ನಿಂತದ್ದು ಗಂಗಮ್ಮನ ನಾದಿನಿಯ ಮದುವೆಯಲ್ಲಿ ಮಾತ್ರ, ನಮ್ಮವರೇ ತೆಗೆದದ್ದು, ಆಲ್ಬಮ್ಮಿಗೆ ಸೇರಿರಲಿಲ್ಲ. ಹಿಂದಿನ ವಾರ ಕರೆಂಟಿನ ಏರಿಳಿತಕ್ಕೆ ನಮ್ಮ ಕಂಪ್ಯೂಟರ್ ಸುಟ್ಟು ಹೊಸದು ಬಂದಿತ್ತು. ಹಾಗಾಗಿ ಆ ಫೋಟೊ ಇದ್ದದ್ದು ಕ್ಲೌಡಿನಲ್ಲಿ ಮಾತ್ರ.

ರಘು ಎಷ್ಟು ಸಲ ಗುಂಡಿ ಒತ್ತಿದರೂ ಅದೇ ಉತ್ತರ.

"ಕೊಡಲ್ಲ ಅಂತೈತೆ ಅತ್ತಿಗೆ. ಸಹಿ ಒಪ್ಪಲ್ವಂತೆ."

"ಯಾಕೋ ಒಪ್ಪಲ್ಲ? ಇಟ್ಟೋರು ನಾವಲ್ವೇನೋ?"

"ನಾವೇ ಅಂತ ಅದಕ್ಕೆ ನಂಬಿಕೆ ಬರಬೇಕಲ್ಲ."

ನನಗೆ ಮೈಯೆಲ್ಲ ಉರಿಯಿತು. ನಮ್ಮ ವಸ್ತು, ನಮ್ಮ ಕೈಯಾರೆ ಇಟ್ಟದ್ದು. ಗಂಡನನ್ನು ಕಳೆದುಕೊಂಡ ಹೆಂಗಸು ಬಂದು ಕೂತಿದ್ದಾಳೆ, ಇದು ಅವಳೆದುರು ನೀವ್ಯಾರು ಅನ್ನುತ್ತದೆ!

"ಇದಕ್ಕಿಂತ ನಮ್ ಟಗರು ವಾಸಿ ಕಣ್ರಮ್ಮ," ಅಂದಳು ಗಂಗಮ್ಮ. "ಕೂಗಿದ್ರೆ ತಿರುಗಾದ್ರೂ ನೋಡ್ತೈತೆ."

ರಘು ಗೆಳೆಯನಿಗೆ ಫೋನ್ ಮಾಡಲು ಬೀದಿಗೆ ಹೋದ. ಗಂಗಮ್ಮ ಎದ್ದು ಪರದೆಯ ಮುಂದೆ ನಿಂತಳು. ಅಳಲಿಲ್ಲ. ಸಂತೆಯಲ್ಲಿ ನಿಂತು ಮಾತಾಡುತ್ತಿರುವ ಗಂಡನನ್ನು ಕರೆಯುವ ಹಾಗೆ, "ಬರ್ರಿ, ಹೊತ್ತಾತು, ಮನಿಗೆ ಹೋಗಾಣ" ಅಂದಳು. ನಾನು ಸಿಟ್ಟಿನಲ್ಲೇ ಅದೇ ಗುಂಡಿಯನ್ನು ಒತ್ತಿದೆ.

ಈರಣ್ಣ ಬಂದ. ಹೆಗಲ ಮೇಲೆ ಕಂಬಳಿ, ಮೀಸೆಯ ಕೆಳಗೆ ಸಣ್ಣ ನಗು.

ರಘು ಓಡಿ ಬಂದು ಅದೇ ಮದುವೆಯ ಬೇರೆ ಫೋಟೊ ಕೇಳಿದ. ಕೊಡಲಿಲ್ಲ. ಇನ್ನೊಂದು ಕೇಳಿದ. ಅದೂ ಇಲ್ಲ. ಆಮೇಲೆ ಕಂಪ್ಯೂಟರಿನ ಸಮಯ ನೋಡಿ ತಲೆ ಚಚ್ಚಿಕೊಂಡ. ರಾಹುಕಾಲ ಶುರುವಾಗುವ ಮೊದಲೇ ಎಲ್ಲರೂ ಹೊಸಿಲು ದಾಟಲೆಂದು ನಮ್ಮ ಅತ್ತೆ ಗೋಡೆ ಗಡಿಯಾರವನ್ನು ಅರ್ಧ ಗಂಟೆ ಮುಂದಿಟ್ಟಿರುತ್ತಾರೆ. ಯಜಮಾನರು ಹೊಸ ಕಂಪ್ಯೂಟರಿಗೂ ಅದನ್ನೇ ನೋಡಿ ಸಮಯ ಇಟ್ಟಿದ್ದರು. ಕಾಲು ಗಂಟೆಗಿಂತ ಹೆಚ್ಚು ವ್ಯತ್ಯಾಸವಾದರೆ ಅಲ್ಲಿಯವರು ಸಹಿ ಒಪ್ಪುವುದಿಲ್ಲವಂತೆ.

"ಇಡೀ ಪ್ರಪಂಚಕ್ಕಿಂತ ಅರ್ಧ ಗಂಟೆ ಮುಂದೈತೆ ನಮ್ಮನೆ!" ಎಂದು ರಘು ಕೂಗಾಡಿದ. ಸಮಯ ಸರಿಮಾಡಿದ ಕೂಡಲೇ ಎಲ್ಲ ಫೋಟೊಗಳೂ ಬಂದವು. ಮತ್ತೆ ಅರ್ಧ ಗಂಟೆ ಮುಂದಿಟ್ಟು ಈರಣ್ಣನ ಫೋಟೊವನ್ನೇ ಕೇಳಿ ನೋಡಿದ. ಬರಲಿಲ್ಲ.

ಪುಣ್ಯಕ್ಕೆ ಅಷ್ಟು ಹೊತ್ತೂ ಕರೆಂಟ್ ಇತ್ತು, ಪ್ರಿಂಟರಿನಲ್ಲಿ ಇಂಕೂ ಇತ್ತು. ಕಟ್ಟು ಹಾಕಿಸಿಕೊಂಡು ಗಂಗಮ್ಮ ಸಂಜೆಯ ಬಸ್ಸಿಗೆ ಹೋದಳು.

"ನೀವೇ ಟೈಮ್ ಮುಟ್ಟಿರ್ತೀರಿ ಅತ್ತಿಗೆ" ಎಂದು ರಘು ಇವತ್ತಿಗೂ ಸಾಧಿಸುತ್ತಾನೆ. ಟೈಮ್ ಬದಲಿಸಲು ನನಗೆ ಈಗಲೂ ಬರುವುದಿಲ್ಲ. ಮುಟ್ಟಿ ಸರಿಮಾಡಿದ್ದರೆ ಅವನು ಬಂದಾಗ ಮತ್ತೆ ತಪ್ಪಾಗಿದ್ದು ಹೇಗೆ? ಓಣಿಯವರು ಇನ್ನೂ ಒಂದು ಕೈ ಮೇಲೆ, ಈರಣ್ಣನ ಆತ್ಮವೇ ಬಂದಿತ್ತು ಎಂದು ಹಬ್ಬಿಸಿದರು. ಸತ್ತವನನ್ನು ಎಳೆದು ತರಲು ಇವರಿಗೆ ನಾಚಿಕೆಯಾಗಬೇಡವೇ?

ಗಂಗಮ್ಮನನ್ನು ಆಮೇಲೊಮ್ಮೆ ಕೇಳಿದೆ. ಅವಳಿಗೆ ಇದರಲ್ಲಿ ವಿಚಿತ್ರವೇ ಕಾಣಲಿಲ್ಲ. "ಕರೆದೆ, ಬಂದ್ರು. ಅವರು ಯಾವತ್ತು ಬರ್ಲಿಲ್ಲ ಹೇಳ್ರಿ?" ಅಂದಳು.

ಅವಳಿಗೆ ಅಷ್ಟು ಸಾಕು. ನಾನು ಮಾತ್ರ ದೀಪ ಹಚ್ಚಿ ಕೂತಾಗಲೂ ಒಮ್ಮೊಮ್ಮೆ ಕೇಳುತ್ತೇನೆ, ಆ ಒಂದು ಸಲ ಯಾರ ಸಹಿ ನೋಡಿ ಒಪ್ಪಿದರು ಎಂದು.