ಊಟದ ಮೇಜಿನ ಕಂಬಳಿ

ಊಟ ಮಾಡುವ ಮೇಜಿಗೆ ಹಾಸಲು ಕಂಬಳಿ ಪಟ್ಟಿ ನೇಯುತ್ತಿದ್ದೇನೆ ಎಂದು ನಾನು ಹೇಳಿದ ದಿನ ನಮ್ಮತ್ತೆ ರಾಟೆ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

“ಉಣ್ಣೋ ಜಾಗದಾಗ ಕಂಬಳಿ ಹಾಸ್ತಾರಂತ? ಎಂಜಲ ಬೀಳಂಗಿಲ್ಲೇನು ಅದರ ಮ್ಯಾಲೆ?”

ನಮ್ಮದು ಚಿಗಟೇರಿ ಕಡೆಯ ಕುರುಬರ ಮನೆ. ನಮ್ಮಲ್ಲಿ ಕಂಬಳಿ ಬರೀ ಹೊದಿಕೆಯಲ್ಲ. ದೇವರನ್ನು ಕೂರಿಸಲು ಅದೇ ಗದ್ದುಗೆ, ಮದುವೆಯಲ್ಲಿ ಗಂಡು ಹೆಣ್ಣು ಕೂರುವುದೂ ಅದರ ಮೇಲೆಯೇ. ಅದನ್ನು ಮುಟ್ಟಿ ಯಾರೂ ಸುಳ್ಳು ಹೇಳುವುದಿಲ್ಲ. ಅಂಥದ್ದನ್ನು ತಟ್ಟೆಯ ಕೆಳಗೆ ಹಾಸುತ್ತಾರೆ ಎಂದರೆ ಅವಳಿಗೆ ಹೇಗಾಗಿರಬೇಡ! ಅದು ನನಗೂ ಗೊತ್ತಿತ್ತು. ಆದರೆ ಅವಳಿಗೆ ಎಂಜಲು ಒಂದು ನೆಪ, ನನ್ನನ್ನು ಮಗ್ಗದಿಂದ ಎಬ್ಬಿಸುವುದೇ ಅಸಲಿ ಇರಾದೆ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇತ್ತು.

ಮಗ್ಗ ನಮ್ಮ ಮಾವನದು. ನಮ್ಮಲ್ಲಿ ಹೆಂಗಸರು ನೂಲುವುದು, ಗಂಡಸರು ನೇಯುವುದು. ಮಾವ ತೀರಿಕೊಂಡರು, ನನ್ನ ಗಂಡ ಗೂಡ್ಸ್ ಗಾಡಿ ಹಿಡಿದ, ನೇಯುವವರು ಕಾಲಿಳಿಸಿ ಕೂರುವ ಮಗ್ಗದ ಕುಣಿಯಲ್ಲಿ ಕೋಳಿಗಳು ಮೊಟ್ಟೆ ಇಡತೊಡಗಿದವು. ಮಹಿಳಾ ಸಂಘದವರು ನೇಯ್ಗೆ ಕಲಿಸಿದಾಗ ನಾನು ಕೋಳಿಗಳನ್ನು ಓಡಿಸಿ ಕುಣಿಗೆ ಇಳಿದೆ. ಅತ್ತೆ ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ನನಗೆ ನೂಲು ಮಾತ್ರ ನೂತು ಕೊಡುತ್ತಿದ್ದಳು. ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಹಾಸಿನ ಎಳೆಗಳು ಗಟ್ಟಿಯಾಗಲು ಹಚ್ಚುತ್ತಾರಲ್ಲ ಹುಣಸೆಬೀಜದ ಗಂಜಿ, ಅದನ್ನು ಮಾವನಿಗೆ ಜೀವಮಾನವಿಡೀ ಕಾಸಿ ಕೊಟ್ಟವಳು ನನಗೆ ಒಂದು ದಿನವೂ ಕಾಸಿ ಕೊಡಲಿಲ್ಲ, ಹೇಗೆಂದು ಹೇಳಲೂ ಇಲ್ಲ. ನಾನು ಕಾಸಿದರೆ ಒಮ್ಮೆ ಗಂಟು ಗಂಟು, ಇನ್ನೊಮ್ಮೆ ನೀರು ನೀರು. ನೇಯುವಾಗ ಎಳೆ ಪಟ್ಟನೆ ಹರಿದಾಗಲೆಲ್ಲ, ಈ ಮುದುಕಿ ಬೇಕಂತಲೇ ಸಡಿಲು ನೂತಿದ್ದಾಳೆ ಎಂದು ಹಲ್ಲು ಕಡಿಯುತ್ತಿದ್ದೆ.

ಪಟ್ಟಿ ಹೇಳಿ ನೇಯಿಸಿದವರು ಕೊಟ್ಟೂರಿನ ಒಬ್ಬ ಮೇಡಂ. ಸಂಘದ ಮಳಿಗೆಯಲ್ಲಿ ನನ್ನ ಕೆಲಸ ನೋಡಿ “ಎಷ್ಟ್ ಚಂದ ಐತ್ರಿ, ಎಷ್ಟ್ ಚಂದ ಐತ್ರಿ” ಎಂದು ಹತ್ತು ಸಲ ಅಂದರು. ಹೊಗಳುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಮೊಬೈಲಿನಲ್ಲಿ ನನ್ನ ಕೈಯ ಫೋಟೋ ತೆಗೆದರು, ಮುಖದ್ದು ಬೇಡವಂತೆ. ಇದನ್ನು ಯಾವುದೋ ಮಿಲ್ಲಿಗೆ ಕಳಿಸಿ ನಕಲು ಹೊಡೆಸುತ್ತಾರೆ ಎಂದುಕೊಂಡೆ. ಹಾಗೇನೂ ಆಗಲಿಲ್ಲ. ಕಪ್ಪು ಉಣ್ಣೆಯ ನಡುವೆ ಬಿಳಿ ಕುರಿಯ ಎಳೆ ಹಾಯಿಸಿ ನೇಯ್ದ ಪಟ್ಟಿ ಒಯ್ದರು, ಗೆಳತಿಯರಿಗೂ ಬೇಕು ಎಂದು ಫೋನ್ ಮಾಡಿದರು, ಒಂದು ದಿನ ಊಟಕ್ಕೇ ಕರೆದರು. ಊಟಕ್ಕೆ ಯಾಕೆ ಕರೆದರು ಎಂದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅತ್ತೆ ಮಾತ್ರ ಕೂಡಲೇ ಸೀರೆ ಆರಿಸಿ ಇಟ್ಟಳು. “ನಾನೂ ಬರ್ತೀನಿ. ಕಣ್ಣಾರೆ ನೋಡ್ತೀನಿ. ಕಂಬಳಿ ಮ್ಯಾಲೆ ಎಂಜಲ ಬಿದ್ದಿದ್ದು ಕಂಡ್ರ ನೀ ಮಗ್ಗ ಬಿಟ್ಟು ಏಳಬೇಕು ನೋಡವಾ. ಕೋಳಿನೇ ಇಡ್ಲಿ ಮೊಟ್ಟಿ.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಬೀರಪ್ಪನಿಗೆ ಹರಕೆ ಹೊತ್ತೆ. ಅಪ್ಪಾ, ಅವರು ಪಟ್ಟಿ ತೆಗೆದಿಟ್ಟಿರಲಿ, ಒಗೆಯಲು ಹಾಕಿರಲಿ, ಇಲಿಯಾದರೂ ಕಡಿದಿರಲಿ.

ಪಟ್ಟಿ ಮೇಜಿನ ಮೇಲೆಯೇ ಇತ್ತು. ಆದರೆ ಅದರ ಮೇಲೆ ಈ ಅಂಚಿನಿಂದ ಆ ಅಂಚಿನವರೆಗೆ ಗಾಜಿನಂಥ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಅತ್ತೆ ಕನ್ನಡಕ ಏರಿಸಿ, ಸಂತೆಯಲ್ಲಿ ಕುರಿಯ ಹಲ್ಲು ನೋಡುವಂತೆ ಬಗ್ಗಿ ನೋಡಿದಳು. ಅಂಚಿಗೆ ಬೆರಳು ಹಾಕಿ ಎತ್ತಿ ನೋಡಿದಳು. “ಎಂಜಲ ಮುಟ್ಟಿಲ್ಲ” ಎಂದು ನನ್ನ ಕಿವಿಯಲ್ಲಿ ಅಂದಳು. ಅಬ್ಬಾ! ನನಗೆ ಹೋದ ಜೀವ ಬಂದಂತಾಯಿತು.

ಜೀವ ಬಂದದ್ದೇ ತಡ, ಹಾಳು ಸಂಶಯವೂ ಬಂತು. ಇಷ್ಟು ಚಂದ ಐತಿ ಅಂದವರು ಇದನ್ನು ಮುಚ್ಚಿದ್ದು ಯಾಕೆ? ರೊಟ್ಟಿ ಬಡಿಸಲು ಕೈ ಹಚ್ಚುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಕೇಳಿಯೇಬಿಟ್ಟೆ.

ಮೇಡಂ ನಾಚಿಕೊಂಡರು. “ತಪ್ಪು ತಿಳೀಬ್ಯಾಡ್ರಿ. ನಮ್ಮ ಮನೆಯವರು ತಟ್ಟಿಯೊಳಗ ಕೂದ್ಲ ಬರ್ತೈತಿ, ಕುರಿ ವಾಸ್ನಿ ಬರ್ತೈತಿ, ಅನ್ನ ಸೇರಂಗಿಲ್ಲ ಅಂದ್ರು. ಅದಕ್ಕ ಹಾಕಿಸೀನ್ರಿ. ಇವತ್ತು ನೀವ ಬಂದೀರಿ, ತೆಗೀಲೇನು?”

ಎಂಜಲು ಬಿದ್ದೀತೆಂಬ ಚಿಂತೆ ನಮಗಾದರೆ, ಇವರಿಗೆ ನಮ್ಮ ಉಣ್ಣೆಯೇ ಹೇಸಿಗೆ! ಈಗಲೇ ಕಿತ್ತು ಮಡಚಿ ಬಗಲಲ್ಲಿಟ್ಟುಕೊಂಡು ಹೊರಡಬೇಕೆನಿಸಿತು. ತೆಗೆಯಿರಿ ಎನ್ನೋಣವೆಂದರೆ, ತೆಗೆದರೆ ಎಂಜಲು ಬೀಳುತ್ತದೆ, ಎಂಜಲು ಬಿದ್ದರೆ ನನ್ನ ಮಗ್ಗ ಹೋಗುತ್ತದೆ.

“ಬ್ಯಾಡ್ರಿ, ಇರ್ಲಿ ಬಿಡ್ರಿ” ಎಂದೆ.

ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಬಿಸಿ ರೊಟ್ಟಿ ಎಲ್ಲಾ ಚೆನ್ನಾಗಿಯೇ ಇದ್ದಿರಬೇಕು, ನಾನು ಒಂದೇ ರೊಟ್ಟಿಯನ್ನು ಚೂರು ಮಾಡುತ್ತ ಕೂತೆ. ಪ್ಲಾಸ್ಟಿಕ್ ಮೇಲೆ ಪಲ್ಯದ ಎಣ್ಣೆ ಚೆಲ್ಲಿತು, ಮೇಡಂ ಅರಿವೆಯಿಂದ ಒರೆಸಿದರು. ಕೆಳಗೆ ನಾನು ಎಳೆ ಎಳೆ ಕೂಡಿಸಿ ನೇಯ್ದದ್ದು ಬೆವೆತು ಮಲಗಿತ್ತು. ಅತ್ತೆ ಮಾತ್ರ ಎರಡು ರೊಟ್ಟಿ ಹೆಚ್ಚೇ ಉಂಡಳು. ಅವಳ ಮೇಲೂ ಸಿಟ್ಟು ಬಂತು.

ವಾಪಸು ಬರುವಾಗ ಬಸ್ಸು ಕೊಟ್ಟೂರು ದಾಟಿದ ಮೇಲೆ ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಅಂದಳು, “ಕಂಬಳ್ಯಾಗ ಉಂಡು ಕೂದ್ಲ ಬಂತು ಅಂದ್ರಂತ.”

“ನಿಮಗ ಕೇಳಿಸಿತೇನ್ರಿ ಅತ್ತಿ?”

“ಅಡಗಿಮನಿ ಬಾಗಲಾ ತೆರದೇ ಇತ್ತು. ಕಿವಿ ಇನ್ನೂ ಚುರುಕು ಅದಾವ. ನೀ ಯಾಕ ಬಾಯಿ ಮುಚ್ಚಿದಿ? ನಿನ್ನ ನಾಲಿಗಿ ಮನ್ಯಾಗ ಹಿಂಗಿರಂಗಿಲ್ಲಲ್ಲ!”

ನನಗೆ ತಡೆಯಲಾಗಲಿಲ್ಲ. “ಪ್ಲಾಸ್ಟಿಕ್ ತೆಗಿಸಿದ್ರ ಎಂಜಲ ಬೀಳ್ತಿತ್ತು. ನೀವು ನನ್ನ ಮಗ್ಗ ಬಿಡಿಸ್ತಿದ್ರಿ. ಅದಕ್ಕ ನುಂಗಿಕೊಂಡೆ. ಸಾಕೇನು?” ಎನ್ನುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಪಕ್ಕದ ಸೀಟಿನವರು ತಿರುಗಿ ನೋಡಿದರು. ಅತ್ತೆ ಸೆರಗಿನ ಗಂಟು ಬಿಚ್ಚಿ ಅರ್ಧ ಎಲೆ ಅಡಿಕೆ ನನ್ನ ಕೈಗೆ ಇಟ್ಟಳು.

ಮರುದಿನ ಬೆಳಿಗ್ಗೆ ಹಿತ್ತಲಿನಿಂದ ಹುಣಸೆಬೀಜ ಬೇಯುವ ವಾಸನೆ ಬಂತು. ಹೋಗಿ ನೋಡಿದರೆ ಅತ್ತೆ ಒಲೆಯ ಮುಂದೆ ಕೂತು ಗಂಜಿ ತಿರುವುತ್ತಿದ್ದಾಳೆ.

“ನನಗೊಂದು ಹೊದಿಯಾಕ ನೇಯಿ, ಅಗಲಕ್ಕ” ಎಂದಳು. “ಮೈಗೆ ಹತ್ತಿಸಿಕೊಂಡು ಮಲಗೂದು. ಆಕಿ ಪಟ್ಟಿ ಆಮ್ಯಾಲೆ ನೇಯುವಂತಿ.”

ನನಗೆ ನಂಬಿಕೆ ಬರಲಿಲ್ಲ. ಬಗ್ಗಿ ಗಂಜಿಯಲ್ಲಿ ಎರಡು ಬೆರಳು ಅದ್ದಿ, ತಿಕ್ಕಿ, ಮೂಸಿ ನೋಡಿದೆ.

“ಏನ್ ನೋಡ್ತಿ? ಇಸಾ ಹಾಕೀನೇನು?”

ಎಳೆಗಳಿಗೆ ಗಂಜಿ ಹಚ್ಚಿ, ಒಣಗಿಸಿ, ಕುಣಿಗೆ ಇಳಿದೆ. ಇಷ್ಟು ದಿನ ನಾನು ಶಪಿಸುತ್ತಿದ್ದ ಅವಳದೇ ನೂಲು ಅದು. ಆ ಕಂಬಳಿ ಮುಗಿಯುವವರೆಗೆ ಒಂದು ಎಳೆಯೂ ಹರಿಯಲಿಲ್ಲ.